ಡಾರ್ವಿನ್ನನ ಎದೆಬಡಿತ

1831ನೆಯ ಇಸವಿಯ ಕೊನೆಯ ತಿಂಗಳುಗಳು. ‘ಬೀಗಲ್’ ನೌಕೆ ಎಂದು ಹೊರಟೀತೆಂದು ಕಾಯುತ್ತ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಚಾರ್ಲ್ಸ್ ಡಾರ್ವಿನ್ನನು ಎರಡು ತಿಂಗಳು ಕಳೆದನು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಮನೆಯವರನ್ನು ಅಗಲುವ ದುಃಖ ಒಂದು ಕಡೆ, ಮಂಕು ಹವೆ ಇನ್ನೊಂದು ಕಡೆ. ಅಷ್ಟರಲ್ಲಿ ಎದೆ ಡವಡವನೆ ಹೊಡೆದುಕೊಳ್ಳತೊಡಗಿತು. ಹೃದಯದ ಬಳಿ ನೋವೂ ಕಾಣಿಸಿತು. ತನಗೆ ಹೃದ್ರೋಗವೇ ತಗುಲಿದೆಯೆಂದು ಅವನು ನಿಶ್ಚಯಿಸಿಬಿಟ್ಟನು. ತಂದೆ ಹೆಸರಾಂತ ವೈದ್ಯ. ಮಗನೂ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಹೋಗಿ, ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಕ್ರಿಯೆಯನ್ನು ನೋಡಲಾರದೆ ಹೊರಗೋಡಿದವನು. ಅರೆಬರೆ ವೈದ್ಯಜ್ಞಾನವೇ ಆ ಭಯಕ್ಕೆ ಇಂಬುಕೊಟ್ಟಿತೆಂಬುದನ್ನು ಮುಂದೆ ಅವನೇ ಒಪ್ಪಿಕೊಂಡನು.

ಆದರೂ ಅವನು ವೈದ್ಯರನ್ನು ಕಾಣಲಿಲ್ಲ. ಯಾನಕ್ಕೆ ಅನರ್ಹನೆಂದು ಅವರು ಹೇಳಿಬಿಟ್ಟರೆ? ಏನಾದರಾಗಲಿ, ಹೋಗಿಯೇ ತೀರುವೆನೆಂದು ಗಟ್ಟಿಮಾಡಿಕೊಂಡನು. ಇದು ವಿವೇಕವೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ. ಡಿಸೆಂಬರ್ 27ರಂದು ನೌಕೆ ಹೊರಟಿತು. ಕಡಲಬೇನೆ ಅವನನ್ನು ಹಣ್ಣುಮಾಡಿತು. ಆದರೆ ದಕ್ಷಿಣ ಅಮೆರಿಕದ ಬಯಲುಗಳಲ್ಲಿ ಕುದುರೆಯೇರಿ ಅಲೆದಾಗ, ಆಂಡೀಸ್ ಪರ್ವತವನ್ನು ದಾಟಿದಾಗ, ಅವನು ಶಂಕಿಸಿದ್ದ ಆ ಹೃದಯವೇ ಅವನನ್ನು ಹೊತ್ತು ನಡೆಯಿತು.

1836ರಲ್ಲಿ ಹಿಂದಿರುಗಿದ ಮೇಲೆ ಭಯ ಮತ್ತೆ ಬಂದಿತು, ಈ ಸಲ ನೆಲೆಯೂರಲು. ಎದೆಬಡಿತ, ನಡುಕ, ವಾಂತಿ. ನಾಲ್ವರೊಡನೆ ಉತ್ಸಾಹದಿಂದ ಮಾತನಾಡಿದರೂ ಸಾಕು, ಮೈ ಕೆಡುತ್ತಿತ್ತು. 1842ರಲ್ಲಿ ಲಂಡನ್ನಿನ ಸಂದಣಿ ತೊರೆದು ಡೌನ್ ಎಂಬ ಹಳ್ಳಿಗೆ ಹೋದನು. 1849ರಲ್ಲಿ ಮಾಲ್ವರ್ನ್ ಎಂಬಲ್ಲಿ ತಣ್ಣೀರ ಚಿಕಿತ್ಸೆಗೆ ಒಳಗಾದನು. ಆ ವರ್ಷದಿಂದ 1855ರವರೆಗೆ ತನ್ನ ದೇಹಸ್ಥಿತಿಗೆ ದಿನಚರಿಯನ್ನೇ ಇಟ್ಟನು! 1851ರಲ್ಲಿ ಅದೇ ಮಾಲ್ವರ್ನಿನಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಪತ್ನಿ ಎಮ್ಮಾ ಸೋದರಸಂಬಂಧಿ. ತನ್ನ ರೋಗವೇ ಮಕ್ಕಳಿಗೂ ಇಳಿದೀತೆಂಬ ಕೊರಗು ಅವನನ್ನು ಬಿಡಲಿಲ್ಲ.

ಇದು ಯಾವ ರೋಗವೆಂಬ ಚರ್ಚೆ ವೈದ್ಯರಲ್ಲಿ ಇಂದಿಗೂ ಮುಗಿದಿಲ್ಲ. ಹಠಾತ್ತನೆ ಎರಗುವ ಭಯದ ವ್ಯಾಧಿಯೆಂದು ಕೆಲವರು, ದಕ್ಷಿಣ ಅಮೆರಿಕದ ಕೀಟ ತಂದ ಸೋಂಕೆಂದು ಕೆಲವರು. ಭಯವನ್ನು ಡಾರ್ವಿನ್ನನು ಗೆದ್ದನೆನ್ನುವುದು ಸರಿಯಾಗದು. ಅದಕ್ಕೊಂದು ಮೇರೆ ಹಾಕಿದನು. ಬೆಳಗಿನ ಒಂದೂವರೆ ಗಂಟೆ ಗಟ್ಟಿ ಕೆಲಸ, ಆಮೇಲೆ ಕಾಗದಪತ್ರ, ಮತ್ತೆ ಕೆಲಸ, ನಡುಹಗಲಿಗೆ ಮರಗಳ ನಡುವಿನ ಮರಳುಹಾದಿಯಲ್ಲಿ ಸುತ್ತು. ಸುತ್ತಿಗೊಂದು ಕಲ್ಲನ್ನು ಕಾಲಿನಿಂದ ತಳ್ಳಿ ಲೆಕ್ಕವಿಡುತ್ತಿದ್ದನು. ಮೈ ಕೆಟ್ಟ ದಿನ ಕೆಲಸವಿಲ್ಲ. ಮರುದಿನ ಮತ್ತೆ ಅದೇ ಮೇಜು. 1859ರ ಮಹಾಗ್ರಂಥ ಹುಟ್ಟಿದ್ದು ಹೀಗೆ. 1881ರಲ್ಲಿ ಎರೆಹುಳುಗಳನ್ನು ಕುರಿತ ಕೊನೆಯ ಪುಸ್ತಕ ಬಂದದ್ದೂ ಹೀಗೆಯೇ.

ಮರುವರ್ಷ ಏಪ್ರಿಲ್ 19ರಂದು, ಎಪ್ಪತ್ತಮೂರರ ಪ್ರಾಯದಲ್ಲಿ, ಹೃದಯದ ಬೇನೆಯಿಂದಲೇ ಅವನು ತೀರಿಕೊಂಡನು. ಪ್ಲಿಮತ್ತಿನ ಆ ದಿನಗಳಿಂದ ಅಷ್ಟರಲ್ಲಿ ಐವತ್ತು ವರ್ಷ ಕಳೆದಿದ್ದುವು.