ಐಸಿಎಸ್ ಬಿಟ್ಟು ಹಾಕಿ ಸ್ಟಿಕ್ ಹಿಡಿದ ಜೈಪಾಲ್

ಐಎಎಸ್ ತರಬೇತಿಯಲ್ಲಿರುವ ಹುಡುಗನೊಬ್ಬ ರಜೆ ಸಿಗದಿದ್ದರೂ ಪಂದ್ಯ ಆಡಲು ಹೊರಟರೆ ಮನೆಯವರು ಏನೆಂದಾರು? ತಲೆ ಕೆಟ್ಟಿದೆ ಎನ್ನುತ್ತಾರೆ. 1928ರಲ್ಲಿ ಜೈಪಾಲ್ ಸಿಂಗ್ ಮುಂಡಾ ಮಾಡಿದ್ದು ಅದನ್ನೇ. ಮೂರು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಸಂವಿಧಾನ ರಚನಾ ಸಭೆಯ ಪಾಠದಲ್ಲಿ ಸಿಕ್ಕಿದ್ದು ಅವರ ಹೆಸರು ಮಾತ್ರ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಕುತೂಹಲದಿಂದ ಮುಂದೆ ಓದುತ್ತಾ ಹೋದಂತೆ ಆ ಮನುಷ್ಯ ನನ್ನನ್ನು ಬಿಡಲೇ ಇಲ್ಲ.

ಜೈಪಾಲ್ ಹುಟ್ಟಿದ್ದು 1903ರಲ್ಲಿ, ರಾಂಚಿ ಬಳಿಯ ಖುಂಟಿ ಸೀಮೆಯ ಒಂದು ಮುಂಡಾ ಆದಿವಾಸಿ ಹಳ್ಳಿಯಲ್ಲಿ. ರಾಂಚಿಯ ಸೇಂಟ್ ಪಾಲ್ಸ್ ಶಾಲೆಯ ಪ್ರಾಂಶುಪಾಲರು ಹುಡುಗನ ಚುರುಕುತನ ಕಂಡು ಇಂಗ್ಲೆಂಡಿಗೆ ಕರೆದೊಯ್ದರು. ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದು, ಜತೆಗೆ ಹಾಕಿ. ಐಸಿಎಸ್‌ಗೂ ಆಯ್ಕೆಯಾದರು. ಆಗಲೇ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕನಾಗುವ ಅವಕಾಶ ಬಂತು. ರಜೆ ಕೇಳಿದರು, ಕೊಡಲಿಲ್ಲ. ಹೋಗಿಯೇಬಿಟ್ಟರು. ಧ್ಯಾನ್ ಚಂದ್ ಇದ್ದ ಆ ತಂಡ ಐದು ಪಂದ್ಯಗಳಲ್ಲಿ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಜೈಪಾಲ್ ಆಡಲಿಲ್ಲವಾದರೂ ಹಾಕಿಯಲ್ಲಿ ದೇಶಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನದ ತಂಡಕ್ಕೆ ನಾಯಕರು ಅವರೇ. ಮರಳಿದಾಗ ತರಬೇತಿಯನ್ನು ಇನ್ನೊಂದು ವರ್ಷ ಮಾಡಬೇಕೆಂದರು. ಅವರು ಐಸಿಎಸ್ಸನ್ನೇ ಬಿಟ್ಟರು.

ಆಮೇಲಿನ ಹತ್ತು ವರ್ಷ ಅವರೂ ನಮ್ಮ ಹಾಗೆ ಕೆಲಸದಿಂದ ಕೆಲಸಕ್ಕೆ ಅಲೆದರು. ತೈಲ ಕಂಪನಿ, ಈಗಿನ ಘಾನಾದಲ್ಲಿ ಮೇಷ್ಟರ ಕೆಲಸ, ರಾಯಪುರದ ರಾಜಕುಮಾರ ಕಾಲೇಜು, ಬಿಕಾನೇರ್ ಸಂಸ್ಥಾನ. 1939ರಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷರಾದಾಗ ಅವರಿಗೆ ತಮ್ಮ ಕೆಲಸ ಯಾವುದೆಂದು ಗೊತ್ತಾಯಿತು ಅನ್ನಿಸುತ್ತದೆ.

1946ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಎದ್ದು ನಿಂತ ಅವರು, ಬೇರೆಯವರು ಬೈಗುಳವಾಗಿ ಬಳಸುತ್ತಿದ್ದ ಜಂಗ್ಲಿ ಎಂಬ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡರು. ಆದಿವಾಸಿಗಳಿಗೆ ಪ್ರಜಾಪ್ರಭುತ್ವ ಕಲಿಸಲು ಹೋಗಬೇಡಿ, ಅವರಿಂದಲೇ ಕಲಿಯಿರಿ ಎಂದರು. ಸಭೆಯಲ್ಲಿ ಗಂಡಸರೇ ತುಂಬಿದ್ದಾರೆ, ಮಹಿಳೆಯರು ಹೆಚ್ಚಬೇಕು ಎಂದೂ ಹೇಳಿದರು. ಪಾನನಿಷೇಧದ ಚರ್ಚೆ ಬಂದಾಗ, ಅಕ್ಕಿಯ ಹೆಂಡವಿಲ್ಲದೆ ತಮ್ಮ ಜನರ ಪೂಜೆ ನಡೆಯದು ಎಂದು ವಾದಿಸಿದರು. ಅವರು ಬಯಸಿದ್ದ ಆದಿವಾಸಿ ಎಂಬ ಪದ ಸಂವಿಧಾನಕ್ಕೆ ಬರಲಿಲ್ಲ. ಅರ್ಜಿ ನಮೂನೆಗಳಲ್ಲಿ ನಾವು ದಿನವೂ ನೋಡುವ ಪರಿಶಿಷ್ಟ ಪಂಗಡ ಎಂಬ ಕಾಲಂನ ಹಿಂದೆ ಇಂಥದ್ದೊಂದು ಜಗಳವಿದೆ ಎಂದು ನನಗೆ ಯಾವ ಗೈಡೂ ಹೇಳಿರಲಿಲ್ಲ.

1952ರ ಚುನಾವಣೆಯಲ್ಲಿ ಅವರ ಜಾರ್ಖಂಡ್ ಪಾರ್ಟಿ ಬಿಹಾರ ವಿಧಾನಸಭೆಯ ಮುಖ್ಯ ವಿರೋಧ ಪಕ್ಷವಾಯಿತು. ಆದರೆ ರಾಜ್ಯ ಪುನರ್‌ವಿಂಗಡಣಾ ಆಯೋಗ ಜಾರ್ಖಂಡ್ ಬೇಡಿಕೆಯನ್ನು ಒಪ್ಪಲಿಲ್ಲ. ಪಕ್ಷದ ಬಲ ಕುಗ್ಗಿತು. 1963ರಲ್ಲಿ ಅವರು ಪಕ್ಷವನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದರು. ನಂಬಿ ಹಿಂದೆ ಬಂದಿದ್ದ ಅನೇಕರಿಗೆ ಇದು ದ್ರೋಹವಾಗಿ ಕಂಡಿತು. ಅವರ ಮೇಲೆ ಎಷ್ಟೇ ಅಭಿಮಾನವಿದ್ದರೂ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. 1970ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅವರು ಕೇಳಿದ್ದ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15ರಂದು.

ಸರ್ಕಾರಿ ನೌಕರಿ ಬೇಡ ಎನ್ನುವಷ್ಟು ಅನುಕೂಲ ನಮ್ಮಲ್ಲಿ ಬಹುತೇಕರಿಗಿಲ್ಲ, ನನಗಂತೂ ಇಲ್ಲ. ಮುಂದಿನ ಪರೀಕ್ಷೆಗೆ ನಾನು ಅರ್ಜಿ ಹಾಕಿಯೇ ಹಾಕುತ್ತೇನೆ. ಆದರೆ ಕೆಲಸ ಸಿಕ್ಕ ಮೇಲೆ ಯಾರ ಪರವಾಗಿ ಮಾತಾಡಬೇಕು ಎಂಬ ಪ್ರಶ್ನೆ ಯಾವ ಸಿಲೆಬಸ್‌ನಲ್ಲೂ ಇಲ್ಲ. ಅದನ್ನು ಈಗಲೇ ಕೇಳಿಕೊಳ್ಳೋಣ ಗೆಳೆಯರೇ.