ಶಂಕರ್ ಮನೆಯ ಇನ್ನೊಬ್ಬ ಸಿತಾರ್ ವಾದಕ

ಸಿತಾರ್ ಎಂದರೆ ರವಿಶಂಕರ್. ನಮ್ಮಲ್ಲಿ ಬಹಳ ಜನರ ನೆನಪು ಅಲ್ಲಿಗೇ ನಿಂತುಬಿಡುತ್ತದೆ. ಅದೇ ಮನೆಯಲ್ಲಿ ಇನ್ನೊಬ್ಬ ಸಿತಾರ್ ವಾದಕರಿದ್ದರು, ಅವರ ಅಣ್ಣನ ಮಗ ಆನಂದ ಶಂಕರ್. ಸಿತಾರ್, ತಬಲಾಗಳನ್ನು ರಾಕ್ ಸಂಗೀತದ ಡ್ರಮ್ಸ್, ಗಿಟಾರ್ ಮತ್ತು ಎಲೆಕ್ಟ್ರಾನಿಕ್ ವಾದ್ಯಗಳ ಜೊತೆ ಕೂರಿಸಿ 1970ರಲ್ಲೇ ಆಲ್ಬಮ್ ತಂದವರು. ಈ ಸಲದ ಸಂಚಿಕೆಗೆ ಅವರ ಬಗ್ಗೆ ಬರೆಯಬೇಕೆನಿಸಲು ಕಾರಣವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಇನ್ನೊಂದು ಭಾಷೆ ಎಂದು ಬೆಳೆಯುವ ನಮ್ಮ ಹೊರನಾಡ ಮಕ್ಕಳಿಗೆ ನೀವು ಯಾವ ಕಡೆಯವರು ಎಂಬ ಪ್ರಶ್ನೆ ತಪ್ಪುವುದಿಲ್ಲವಲ್ಲ, ಇವರ ಸಂಗೀತಕ್ಕೂ ಅದು ತಪ್ಪಲಿಲ್ಲ.

ಹುಟ್ಟಿದ್ದು 1942ರ ಡಿಸೆಂಬರ್ 11ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ತಂದೆ ಭಾರತದ ನೃತ್ಯವನ್ನು ಯುರೋಪ್, ಅಮೆರಿಕಗಳ ರಂಗಮಂಚಕ್ಕೆ ಒಯ್ದ ಉದಯ ಶಂಕರ್, ತಾಯಿ ನರ್ತಕಿ ಅಮಲಾ ಶಂಕರ್. ಅಲ್ಮೋರಾದಲ್ಲಿ ಉದಯ ಶಂಕರ್ ನಡೆಸುತ್ತಿದ್ದ ಕಲಾಕೇಂದ್ರದಲ್ಲಿ ಆ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹುಡುಗ ನೃತ್ಯ ಕಲಿಯುತ್ತಿದ್ದ. ವಸಂತಕುಮಾರ ಶಿವಶಂಕರ ಪಡುಕೋಣೆ ಎಂದರೆ ಗುರುತು ಹತ್ತಲಿಕ್ಕಿಲ್ಲ, ಗುರುದತ್ ಎಂದರೆ ಹತ್ತುತ್ತದೆ! ಹಣದ ಮುಗ್ಗಟ್ಟಿನಿಂದ ಕೇಂದ್ರ ಬೇಗನೇ ಮುಚ್ಚಿತು. ಆಮೇಲೆ ಉದಯ ಶಂಕರ್ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ‘ಕಲ್ಪನಾ’ ಚಿತ್ರ ತಯಾರಿಸಿದರು. ಅಮಲಾ ಅದರ ನಾಯಕಿ, ಚಿತ್ರ ತೆರೆ ಕಂಡದ್ದು 1948ರಲ್ಲಿ.

ಆನಂದ ಓದಿದ್ದು ಗ್ವಾಲಿಯರ್‌ನ ಸಿಂಧಿಯಾ ಶಾಲೆಯಲ್ಲಿ. ಸಿತಾರ್ ಕಲಿಯಲು ಚಿಕ್ಕಪ್ಪನ ಬಳಿ ಹೋಗಲಿಲ್ಲ, ಕಾಶಿಗೆ ಹೋದರು. ಗುರು ಡಾ. ಲಾಲಮಣಿ ಮಿಶ್ರ, ವಿಚಿತ್ರ ವೀಣೆಯ ದೊಡ್ಡ ವಿದ್ವಾಂಸರು. ಜಗತ್ತೇ ರವಿಶಂಕರ್ ಹಿಂದೆ ಓಡುತ್ತಿದ್ದ ಕಾಲದಲ್ಲಿ ಮನೆಯ ಹುಡುಗ ಬೇರೆ ಗುರುವಿನ ಎದುರು ಕುಳಿತದ್ದು ನನಗೆ ಬಹಳ ಇಷ್ಟವಾದ ಸಂಗತಿ. ದೊಡ್ಡ ಹೆಸರಿನ ಮನೆಯಲ್ಲಿ ಹುಟ್ಟಿದವರಿಗೆ ತಮ್ಮದೇ ದನಿ ಹುಡುಕಿಕೊಳ್ಳುವುದು ಸುಲಭವಲ್ಲ.

1960ರ ದಶಕದ ಕೊನೆಗೆ ಅವರು ಅಮೆರಿಕದ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್ ಮುಂತಾದವರ ಜೊತೆ ನುಡಿಸಿದರು. ರಿಪ್ರೈಸ್ ಎಂಬ ದೊಡ್ಡ ಕಂಪನಿ ಅವರ ಮೊದಲ ಆಲ್ಬಮ್ ತಂದದ್ದು 1970ರಲ್ಲಿ. ಹೆಸರು ‘ಆನಂದ ಶಂಕರ್’ ಎಂದಷ್ಟೇ.

ಈ ಆಲ್ಬಮ್‌ನಲ್ಲಿ ಸಿತಾರ್ ಪಕ್ಕದಲ್ಲಿ ಕೂತದ್ದು ಮೋಗ್ ಸಿಂಥಸೈಜರ್. (ಇಂಗ್ಲಿಷ್ ಅಕ್ಷರ ನೋಡಿ ಮೂಗ್ ಎನ್ನುವವರೇ ಹೆಚ್ಚು, ನಮ್ಮ ಮೂಗಿಗೂ ಅದಕ್ಕೂ ಸಂಬಂಧವಿಲ್ಲ.) ಆಗಿನ ಮೋಗ್ ಈಗಿನ ಕೀಬೋರ್ಡ್‌ನಂತಲ್ಲ. ಬೀರುವಿನಷ್ಟು ದೊಡ್ಡದು, ಮೈತುಂಬ ತಿರುಪುಗಳು, ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ನಂತೆ ತಂತಿಗಳನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚಬೇಕು. ಬಿಸಿಯಾದರೆ ಶ್ರುತಿಯೂ ಜಾರುತ್ತಿತ್ತು. 1968ರಲ್ಲಿ ಅದೇ ಮೋಗ್ ಮೇಲೆ ಬಾಖ್‌ನ ಕೃತಿಗಳನ್ನು ನುಡಿಸಿದ ಆಲ್ಬಮ್ ಬಂದು ಹೆಸರು ಮಾಡಿತ್ತು. ಪ್ರೊಗ್ರೆಸ್ಸಿವ್ ರಾಕ್ ಎಂದು ಕರೆಸಿಕೊಂಡ ಇಂಗ್ಲೆಂಡಿನ ತಂಡಗಳೂ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ಎತ್ತಿಕೊಂಡು ರಾಕ್ ಶೈಲಿಗೆ ಹೊಂದಿಸತೊಡಗಿದ್ದವು.

ಅವರಿಗೆ ಅದು ಸಾಧ್ಯವಿತ್ತು, ಏಕೆಂದರೆ ಅವರ ಸಂಗೀತ ಕಾಗದದ ಮೇಲೆ ಬರೆದಿಟ್ಟದ್ದು. ನಮ್ಮ ರಾಗವನ್ನು ಹಾಗೆ ಎತ್ತಿ ಇನ್ನೊಂದು ವಾದ್ಯಕ್ಕೆ ಹಾಕಲಾಗದು. ಹಾರ್ಮೋನಿಯಂ ಬಗ್ಗೆ ನಮ್ಮ ಹಿರಿಯ ವಿದ್ವಾಂಸರಿಗೆ ಇದ್ದ ತಕರಾರೂ ಅದೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ನಮ್ಮ ಗಮಕ, ಮನೆ ಮನೆಯಾಗಿ ಕತ್ತರಿಸಿದ ಕೀಲಿಗಳಲ್ಲಿ ಸಿಗುವುದಿಲ್ಲ. ಮೋಗ್‌ನಲ್ಲಿ ಮಾತ್ರ ಒಂದು ತಿರುಪು ತಿರುಗಿಸಿದರೆ ಸ್ವರ ಜಾರಿಕೊಂಡೇ ಮುಂದಿನ ಸ್ವರಕ್ಕೆ ಹೋಗುತ್ತದೆ. ಇನ್ನೊಂದು, ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ಪಾಶ್ಚಾತ್ಯರಿಗೆ ಅದು ಕೊರತೆ. ಒಂದೇ ಎಳೆಯಲ್ಲಿ ಸಾಗುವ ನಮ್ಮ ಸಂಗೀತಕ್ಕೆ ಅದು ಕೊರತೆಯೇ ಅಲ್ಲ! ಆ ಆಲ್ಬಮ್‌ನ ‘ಸಾಗರ್’ ಕೇಳಿದರೆ ಇದು ಕಿವಿಗೆ ಗೊತ್ತಾಗುತ್ತದೆ. ಸುಮಾರು 13 ನಿಮಿಷದ ವಾದನ, ಅವಸರವೇ ಇಲ್ಲ.

ಎಲ್ಲವೂ ಹಾಗಿಲ್ಲ. ರೋಲಿಂಗ್ ಸ್ಟೋನ್ಸ್, ಡೋರ್ಸ್ ತಂಡಗಳ ಒಂದೊಂದು ಜನಪ್ರಿಯ ಹಾಡನ್ನೂ ಸಿತಾರ್‌ನಲ್ಲಿ ನುಡಿಸಿದ್ದಾರೆ. ಇಂದಿಗೂ ಜನ ಹೆಚ್ಚು ಹುಡುಕುವುದು ಅವನ್ನೇ, ಆದರೆ ನನಗೆ ರುಚಿಸುವುದಿಲ್ಲ. ಹಾಡುಗಾರನ ಮಟ್ಟನ್ನು ಸಿತಾರ್ ಹಿಂಬಾಲಿಸುತ್ತದೆ ಅಷ್ಟೇ. ಅದರ ಪಕ್ಕದಲ್ಲೇ ‘ಮಮತಾ’ ಎಂಬ ಪುಟ್ಟ ರಚನೆ ಇದೆ. ವಾತ್ಸಲ್ಯ ಎಂಬರ್ಥದ ಆ ಪದ ಅವರ ತಂಗಿಯ ಹೆಸರೂ ಹೌದು. ಕೊನೆಯಲ್ಲಿ ಗಾಂಧೀಜಿಯವರ ನೆಚ್ಚಿನ ರಘುಪತಿ ರಾಘವ ಭಜನೆ.

ಅಮೆರಿಕದಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ, 70ರ ದಶಕದ ಆರಂಭದಲ್ಲಿ ಕಲ್ಕತ್ತಾಗೆ ಮರಳಿದರು. ಮೃಣಾಲ್ ಸೇನ್ ಅವರ ‘ಕೋರಸ್’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. 1975ರಲ್ಲಿ ‘ಆನಂದ ಶಂಕರ್ ಆ್ಯಂಡ್ ಹಿಸ್ ಮ್ಯೂಸಿಕ್’ ಬಂತು. ನನ್ನ ಮಟ್ಟಿಗೆ ಇದೇ ಅವರ ಅತ್ಯುತ್ತಮ ಕೆಲಸ. ಸಿತಾರ್, ತಬಲಾ, ಗಿಟಾರ್, ಡ್ರಮ್ಸ್, ಮೋಗ್, ಇಷ್ಟರ ಜೊತೆಗೆ ನಮ್ಮ ಮೃದಂಗ. ಡ್ರಮ್ಸ್ ಪಕ್ಕದಲ್ಲಿ ಸಿತಾರ್ ಇಟ್ಟರೆ ವೇದಿಕೆಯಲ್ಲಿ ಸಿತಾರ್ ಕೇಳಿಸುವುದೇ ಕಷ್ಟ. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಹಿಡಿದು ಆಮೇಲೆ ಬೆರೆಸಬಹುದು. ಇಂಥ ಸಂಗೀತ ಕಛೇರಿಗಿಂತ ಆಲ್ಬಮ್‌ಗೇ ಒಗ್ಗುವುದು ಇದಕ್ಕಾಗಿ. ‘ಡ್ಯಾನ್ಸಿಂಗ್ ಡ್ರಮ್ಸ್’, ‘ಸ್ಟ್ರೀಟ್ಸ್ ಆಫ್ ಕಲ್ಕತ್ತಾ’ ಕೇಳುತ್ತಿದ್ದರೆ ತನಿ ಆವರ್ತನ ಕೇಳಿ ಬೆಳೆದ ನನ್ನ ಕೈ ತಾನಾಗಿ ತಾಳ ಹಾಕುತ್ತದೆ. 1981ರ ‘ಸಾ ರೆ ಗ ಮಚಾನ್’ ಇಡೀ ಆಲ್ಬಮ್ ಕಾಡಿನ ಬಗ್ಗೆ.

ಪತ್ನಿ ತನುಶ್ರೀ ಶಂಕರ್ ನರ್ತಕಿ, ನೃತ್ಯ ಸಂಯೋಜಕಿ. ಇವರ ಸಂಗೀತ, ಅವರ ನೃತ್ಯ ಒಂದೇ ರಂಗದ ಮೇಲೆ ಸೇರಿ ಎಷ್ಟೋ ಪ್ರದರ್ಶನಗಳಾದವು.

ನಂತರದ ವರ್ಷಗಳಲ್ಲಿ ಹಳೆಯ ರೆಕಾರ್ಡ್‌ಗಳು ಮರೆಗೆ ಸರಿದವು. ಅವುಗಳ ಧೂಳು ಕೊಡವಿದ್ದು ಲಂಡನ್ನಿನ ಡಿಜೆಗಳು. 1996ರಲ್ಲಿ ಬ್ಲೂ ನೋಟ್ ಎಂಬ ಹೆಸರಾಂತ ಜಾಝ್ ಕಂಪನಿ ತನ್ನ ಒಂದು ಸಂಗ್ರಹದಲ್ಲಿ 1975ರ ಆ ಎರಡು ರಚನೆಗಳನ್ನು ಸೇರಿಸಿತು. ವಲಸೆ ಹೋದವರ ಮಕ್ಕಳಿಗೆ, ಮನೆಯಲ್ಲಿ ಒಂದು, ಹೊರಗೆ ಇನ್ನೊಂದು ಸಂಗೀತ ಕೇಳಿ ಬೆಳೆದ ಆ ಪೀಳಿಗೆಗೆ, ಇದು ಅರೆಬರೆ ಎನಿಸಲಿಲ್ಲ. ತಮ್ಮದೇ ಎನಿಸಿತು. ಅವರಲ್ಲೊಬ್ಬರು ಬಂಗಾಳಿ ಮೂಲದ ಸ್ಯಾಮ್ ಜಮಾನ್, ‘ಸ್ಟೇಟ್ ಆಫ್ ಬೆಂಗಾಲ್’ ಎಂದೇ ಪರಿಚಿತರು. 50 ದಾಟಿದ್ದ ಆನಂದ ಶಂಕರ್ ಈ ಹುಡುಗರ ಜೊತೆ ಬ್ರಿಟನ್‌ನಲ್ಲಿ ಪ್ರವಾಸ ಮಾಡಿ ನುಡಿಸಿದರು, ‘ವಾಕಿಂಗ್ ಆನ್’ ಎಂಬ ಆಲ್ಬಮ್ ತಯಾರಾಗತೊಡಗಿತು.

ಅದು ಹೊರಬರುವುದನ್ನು ಅವರು ನೋಡಲಿಲ್ಲ. 1999ರ ಮಾರ್ಚ್ 26ರಂದು ಕಲ್ಕತ್ತಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 56. ತಾಯಿ ಅಮಲಾ ಮಗನನ್ನು ಕಳೆದುಕೊಂಡ ಮೇಲೂ 21 ವರ್ಷ ಬದುಕಿದ್ದು, 2020ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಹೋದರು. ಆಲ್ಬಮ್ 2000ದಲ್ಲಿ ಬಂತು.

ಇವೆಲ್ಲ ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ರಾಕ್ ಅಂದರೆ ಹೆದರುವವರು ‘ಸಾಗರ್’‌ನಿಂದ ಶುರು ಮಾಡಿ, ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು. ಮಕ್ಕಳಿಗೆ ಮಾತ್ರ ‘ಡ್ಯಾನ್ಸಿಂಗ್ ಡ್ರಮ್ಸ್’ ಹಾಕಿ, ಇದು 1975ರದ್ದು ಎಂಬುದನ್ನು ಆಮೇಲೆ ಹೇಳಿ.