ರಂಟಿ ಮಾಡಿದ ಡ್ರಾಯಿಂಗ್ ಮಾಸ್ತರ

ಗೋಕುಲ ರೋಡ್‌ನಲ್ಲಿ ಓಡಾಡುವ ನಮಗೆಲ್ಲ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಗೊತ್ತು. ಆದರೆ ಆ ಹೆಸರಿನ ಹಿಂದಿರುವ ಮನುಷ್ಯ ನಮ್ಮ ಪಕ್ಕದ ಸೀಮೆಯವರು, ಅವರ ಹತ್ತಿರ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಓದಿಗಿಂತ ಚಿತ್ರ ಮತ್ತು ಯಂತ್ರಗಳ ಮೇಲೆಯೇ ಅವರಿಗೆ ಮನಸ್ಸು. ತಂದೆಯವರು ಒಪ್ಪಲಿಲ್ಲ. ದೊಡ್ಡಣ್ಣ ರಾಮುಅಣ್ಣಾ ಖರ್ಚು ನೋಡಿಕೊಳ್ಳೋದಾಗಿ ಮುಂದೆ ಬಂದರು. ಹಾಗಾಗಿ 1885ರಲ್ಲಿ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಎರಡು ವರ್ಷ ಆಗೋದರೊಳಗೆ ಕೆಲವು ಬಣ್ಣಗಳು ತಮ್ಮ ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ ಅಂತ ತಿಳಿಯಿತು. ಪೇಂಟರ್ ಆಗುವ ಆಸೆ ಅಲ್ಲಿಗೆ ಮುಗಿಯಿತು.

ಆದರೆ ಮೆಕ್ಯಾನಿಕಲ್ ಡ್ರಾಯಿಂಗ್‌ಗೆ ಬಣ್ಣ ಬೇಕಿಲ್ಲ. ಅದನ್ನು ಕಲಿತು, ಮುಂಬೈನ ವಿಜೆಟಿಐಯಲ್ಲಿ ಅದನ್ನೇ ಕಲಿಸುವ ಅಸಿಸ್ಟೆಂಟ್ ಟೀಚರ್ ಆದರು. ಬಿಡುವು ಸಿಕ್ಕಾಗ ಅಲ್ಲಿನ ವರ್ಕ್‌ಶಾಪ್‌ಗೆ ಹೋಗಿ ಮಷಿನ್‌ಗಳ ಮೇಲೆ ಕೈ ಪಳಗಿಸಿಕೊಂಡರು. ಬೋರ್ಡ್ ಮುಂದೆ ಮಾಸ್ತರ, ಮಷಿನ್ ಮುಂದೆ ವಿದ್ಯಾರ್ಥಿ. ಸಂಬಳ ತಗೊಂಡು ಕೆಲಸ ಕಲಿಯೋದಕ್ಕೆ ಅಪ್ರೆಂಟಿಸ್‌ಶಿಪ್ ಅಂತೀವಲ್ಲ, ನಮ್ಮ ಲೆಕ್ಕದಲ್ಲಿ ಇದೂ ಅದೇ.

ಕಿರ್ಲೋಸ್ಕರ್ ಸಂಸ್ಥೆ ತನ್ನ ಹುಟ್ಟನ್ನು 1888ರಿಂದ ಎಣಿಸುತ್ತದೆ. ಆಗ ಲಕ್ಷ್ಮಣರಾವ್‌ಗೆ 19, ಅಂದರೆ ಈಗಿನ ನಮ್ಮದೇ ವಯಸ್ಸು. ಮುಂಬೈಯಿಂದ ಅವರು ಸೈಕಲ್ ಕಳಿಸೋದು, ಬೆಳಗಾವಿಯಲ್ಲಿ ಅಣ್ಣ ಮಾರೋದು. ಮುಂದೆ ವಿಜೆಟಿಐಯಲ್ಲಿ ಅವರಿಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋಯಿತು. ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೆ ಬಂದರು.

ಅಲ್ಲಿ ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ರಂಟಿ. ರೈತರಿಗೆ ಗೊತ್ತಿದ್ದದ್ದು ಊರ ಬಡಿಗ್ಯಾರು ಮಾಡಿದ ಕಟ್ಟಿಗೆ ರಂಟಿ. ಮುರಿದರೆ ಅವರೇ ಅಲ್ಲೇ ರಿಪೇರಿ ಮಾಡಿ ಕೊಡ್ತಿದ್ರು. ಕಬ್ಬಿಣ ತಾಗಿದರೆ ಮಣ್ಣು ವಿಷ ಆಗ್ತದೆ ಅನ್ನೋ ಭಯ ಬೇರೆ. ಮೊದಲ ರಂಟಿ ಮಾರಾಟ ಆಗಲಿಕ್ಕೆ ಎರಡು ವರ್ಷ ಹಿಡಿಯಿತು! ಸ್ಟಾರ್ಟಪ್ ಬಗ್ಗೆ ಮಾತಾಡುವ ನಾವು ಈ ಎರಡು ವರ್ಷವನ್ನು ನೆನಪಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ಬೆಳಗಾವಿಯ ಜಾಗವನ್ನೂ ಬಿಡಬೇಕಾಯಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಜಮೀನು, ₹10,000 ಸಾಲ ಕೊಟ್ಟರು. ಪಾಪಾಸುಕಳ್ಳಿ ಬೆಳೆದ ಬರಡು ನೆಲ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಶುರುವಾಯಿತು. ಜೊತೆಗೆ ಬಂದವರಲ್ಲಿ ಶಾಲೆ ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳನೀಕರ್ ಇದ್ದರು. ಅವರು ಕೆಲಸ ಮಾಡ್ತಾ ಮಾಡ್ತಾನೇ ಇಂಜಿನಿಯರ್ ಆದರು. ಜೈಲಿಗೆ ಹೋಗಿ ಬಂದವರನ್ನೇ ಲಕ್ಷ್ಮಣರಾವ್ ರಾತ್ರಿ ಕಾವಲಿಗೆ ಇಟ್ಟುಕೊಂಡರು. ಸರ್ಟಿಫಿಕೇಟ್‌ಗಿಂತ ಮನುಷ್ಯನನ್ನು ನೋಡೋದು ಅವರ ರೀತಿ. ಹಾಗಂತ ಓದನ್ನು ಅವರು ಹಗುರ ಮಾಡಲಿಲ್ಲ. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಡಿಗ್ರಿ ಪಡೆದು ಬಂದರು. 1941ರಲ್ಲಿ ಹರಿಹರದಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಕಂಪನಿಗಳು ಶುರುವಾದವು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಅವರು ಹೋಗಿ ಐದು ವರ್ಷಕ್ಕೆ, 1961ರಲ್ಲಿ, ಅಪ್ರೆಂಟಿಸ್ ಕಾಯ್ದೆ ಬಂತು. ಇವತ್ತು ಹುಬ್ಬಳ್ಳಿಯ ರೈಲ್ವೆ ಕ್ಯಾರೇಜ್ ವರ್ಕ್‌ಶಾಪ್‌ನಲ್ಲಿ ಐಟಿಐ ಮುಗಿಸಿದ ಹುಡುಗ ಹುಡುಗಿಯರು ಸ್ಟೈಪೆಂಡ್ ತಗೊಂಡು ಕೆಲಸ ಕಲಿಯಬಹುದು. ಫಿಟ್ಟರ್, ವೆಲ್ಡರ್ ಜೊತೆ ಬಡಿಗತನವೂ ಅಲ್ಲಿ ಒಂದು ಟ್ರೇಡ್. ನಾಳೆ ನಾವು ಇಂಜಿನಿಯರ್ ಆಗಿ ಶಾಪ್ ಫ್ಲೋರ್‌ಗೆ ಹೋದಾಗ ನಮ್ಮ ಡ್ರಾಯಿಂಗ್ ಅವರ ಕೈಗೇ ಹೋಗೋದು. ಎಲ್ಲಿ ತಪ್ಪಿದೆ ಅಂತ ಮೊದಲು ಗೊತ್ತಾಗೋದೂ ಅವರಿಗೇ. ಆಗ ಅವರ ಮಾತು ಕೇಳುವಷ್ಟು ವಿನಯ ನಮಗಿರಬೇಕು. ಡ್ರಾಯಿಂಗ್ ಮಾಸ್ತರನೇ ವರ್ಕ್‌ಶಾಪ್‌ಗೆ ಇಳಿದು ಕಲಿತ ಮೇಲೆ, ನಮ್ಮದೇನು ದೊಡ್ಡಸ್ತಿಕೆ?